ಒಂಬತ್ತು ದೋಸೆಯ ತಾಂಡೇಲ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಕಾರವಾರದ ಬೈತಖೋಲ ಬಂದರಿಗೆ ಮರಳಬೇಕಾಗಿದ್ದ ಬೋಟೊಂದು ಬಂದರಿನ ಕಡೆ ಮುಖ ಮಾಡದೆ ಕೂರ್ಮಗಡ ದ್ವೀಪಕ್ಕೆ ಪ್ರದಕ್ಷಿಣೆ ಹಾಕತೊಡಗಿತು. ಮೊದಲ ಸುತ್ತಿಗೆ ಬೋಟಿನ ಕೆಲಸದ ಎಂಟು ಖಲಾಸಿಗಳಲ್ಲಿ ಯಾರೂ ಏನೂ ಅನ್ನಲಿಲ್ಲ. ಬೋಟು ನಡೆಸುವವ ತಾಂಡೇಲ. ಅವನ ದಾರಿಯನ್ನು ಅವನಿಗೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಎರಡನೆಯ ಸುತ್ತಿಗೆ, ದ್ವೀಪದ ಮೇಲಿನ ನರಸಿಂಹ ದೇವರಿಗೆ ತಾಂಡೇಲ ಏನೋ ಹರಕೆ ಹೇಳಿಕೊಂಡಿರಬೇಕು ಎಂದು ತಿಳಿದು ಎಂಟೂ ಜನ ಟೊಪ್ಪಿಗೆ ತೆಗೆದು ಕೈ ಮುಗಿದು ನಿಂತರು. ಮೂರನೆಯ ಸುತ್ತಿಗೆ ಬಂಡೆಗಳು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದವು. ದೇವರಿಗಾದರೂ ಇಷ್ಟು ಸಮೀಪ ಹೋಗುವುದು ಸರಿಯಲ್ಲ ಎಂದು ಕಿಶನ ಎಂಬ ಖಲಾಸಿಗೆ ಅನ್ನಿಸಿತು. ಅವನು ಕ್ಯಾಬಿನ್ನಿಗೆ ಓಡಿದ. ಅಲ್ಲಿ ತಾಂಡೇಲ ಮಾಬ್ಲೇಶ್ವರ ಚಕ್ರದ ಮೇಲೆ ಎದೆಯಿಟ್ಟು, ಎಂಜಿನ್ನಿನ ಸದ್ದನ್ನೂ ಮೀರಿಸಿ ಗೊರಕೆ ಹೊಡೆಯುತ್ತಿದ್ದ.

ಮಾಬ್ಲೇಶ್ವರ ನನ್ನ ಅಕ್ಕನ ಮಗ. ಅವನಿಗೆ ನಾನು ಮಾವ್ಶಿ, ಚಿಕ್ಕಮ್ಮ; ಊರಿಗೆಲ್ಲ ಅಜ್ಜಿ. ಅಂಕೋಲೆಯ ಹತ್ತಿರದ ಕೇಣಿ ಎಂಬ ಊರಿನಲ್ಲಿ ನಮ್ಮ ಎರಡೂ ಮನೆಗೆ ಒಂದೇ ಬೇಲಿ. ಮೂವತ್ತು ವರ್ಷ ಚಕ್ರ ಹಿಡಿದವನು. ಒಂದು ದಿನವೂ ಬೋಟಿಗೆ ಗೀರು ತಾಗಿಸಿದವನಲ್ಲ. ಆ ದಿನವೂ ತಾಗಲಿಲ್ಲವೆನ್ನಿ. ಆದರೆ ಸುದ್ದಿಗೆ ಗೀರು ಬೇಕಾಗುವುದಿಲ್ಲ. ಮಧ್ಯಾಹ್ನದೊಳಗೆ ಬೋಟಿನ ಒಡೆಯ ನಿತಿನ ಶೇಟ ಕೇಣಿಗೆ ಬಂದು ಅಂಗಳದಲ್ಲಿ ನಿಂತಿದ್ದ.

ಅಂಕೋಲೆಯ ಡಾಕ್ಟರರು ಪರೀಕ್ಷೆ ಮಾಡಿ ವಿಷಯವನ್ನು ಸರಳವಾಗಿ ಹೇಳಿದರು. ತೂಕ ನೂರಾ ನಲವತ್ತಾರು ಕೇಜಿ. ಕುತ್ತಿಗೆಯ ಸುತ್ತ ಬೆಳೆದ ಕೊಬ್ಬು ನಿದ್ದೆಯಲ್ಲಿ ಉಸಿರನ್ನು ತಡೆಯುತ್ತದೆ. ರಾತ್ರಿಯಿಡೀ ಮಲಗಿದರೂ ನಿದ್ದೆ ಆಗಿರುವುದಿಲ್ಲ. ಆ ನಿದ್ದೆ ಹಗಲಿಗೆ ಬಂದು ಕೂರುತ್ತದೆ. ಮೊಣಕಾಲು ಕೆಟ್ಟಿದ್ದರಿಂದ ನಡೆದು ಕರಗಿಸುವಂತಿಲ್ಲ. ಉಳಿದ ದಾರಿ ಹೊಟ್ಟೆಯ ಚೀಲವನ್ನು ಸಣ್ಣದು ಮಾಡುವ ಆಪರೇಶನ್. ತಿಂಗಳಿಗೊಮ್ಮೆ ಹೊರಗಿನಿಂದ ಕಾರವಾರಕ್ಕೆ ಬರುವ ಸರ್ಜನ್ ಒಬ್ಬರು ಜೂನ್ ಹನ್ನೆರಡರ ತಾರೀಖು ಕೊಟ್ಟರು. ಜೊತೆಗೆ ಬೇಕಾದ ಕಾಗದಗಳ ಪಟ್ಟಿ ಕೊಟ್ಟರು: ರಕ್ತದ್ದು, ಹೃದಯದ್ದು, ನಿದ್ದೆಯದ್ದು, ಕೊನೆಗೆ ಮನಸ್ಸಿನ ಡಾಕ್ಟರರದ್ದು.

ನಿತಿನ ಶೇಟ ಪಟ್ಟಿಯನ್ನು ನೋಡಿ ತನ್ನ ಮಾತು ಹೇಳಿದ.

"ತಾಂಡೇಲ್ರೆ, ಜೂನ್ ಜುಲೈ ಹ್ಯಾಂಗೂ ಮೀನುಗಾರಿಕೆ ಬಂದ್. ಅಷ್ಟರಲ್ಲಿ ಆಪರೇಶನ್ ಆದ್ರೆ ದೀಪಾವಳಿಗೆ ಚಕ್ರ ನಿಮ್ದೇ. ಆಗ್ದಿದ್ರೆ ಕಿಶನಂಗೆ ಕೊಡ್ತೆ. ಬೇಜಾರ ಮಾಡ್ಕಬ್ಯಾಡಿ. ಎಂಟು ಜನರ ಜೀವ ಅದೆ ಅದ್ರಲ್ಲಿ."

ಇದರಲ್ಲಿ ತಪ್ಪು ಹುಡುಕಲು ಮಾಬ್ಲೇಶ್ವರನಿಗೂ ಆಗಲಿಲ್ಲ. ಚಕ್ರ ಹೋದರೆ ಅವನಿಗೆ ಉಳಿಯುವುದು ದಡದ ಮೇಲೆ ಕೂತು ಬಲೆ ಹೊಲಿಯುವ ಕೆಲಸ. ಕೇಣಿಯಲ್ಲಿ ಮೂವತ್ತು ವರ್ಷದಿಂದ ಅವನನ್ನು ಹೆಸರು ಹಿಡಿದು ಕರೆಯುವವಳು ನಾನೊಬ್ಬಳೇ. ಉಳಿದವರಿಗೆಲ್ಲ ಅವನು ತಾಂಡೇಲ್ರು. ಅದು ಹೋದ ಮೇಲೆ ಜನ ಏನೆಂದು ಕರೆದಾರು ಎಂಬುದು ಅವನಿಗೂ ತಿಳಿಯದು, ನಮಗೂ ತಿಳಿಯದು.

ಆಪರೇಶನ್ನಿಗೆ ಕೇಣಿಯ ಜನ ಹೆದರಲಿಲ್ಲ. ಮೀನಿನ ಹೊಟ್ಟೆ ಕೊಯ್ಯುವುದನ್ನು ದಿನಾ ನೋಡುವವರು. ಅವರು ಹೆದರಿದ್ದು ಪಟ್ಟಿಯ ಕೊನೆಯ ಕಾಗದಕ್ಕೆ.

"ತಲೆ ಡಾಕ್ಟ್ರಾ? ಹೊಟ್ಟೆಗೆ ತಲೆ ಡಾಕ್ಟ್ರು ಯಾಕೆ?" ಎಂದು ಪಕ್ಕದ ಮನೆಯ ಸುಗಂಧಾ ಮೂಗಿನ ಮೇಲೆ ಬೆರಳಿಟ್ಟಳು.

ಬಂದರಿನಲ್ಲಿ ವಾಚಮನ್ ಆಗಿ ನಿವೃತ್ತನಾದ ಜಟ್ಟು ಎಲ್ಲ ಸರಕಾರಿ ವಿಷಯ ಬಲ್ಲವನು. ಅವನು ಬಂದು ಜಗಲಿಯ ಮೇಲೆ ಕೂತು ವಿವರಿಸಿದ.

"ತಲೆ ಡಾಕ್ಟ್ರು ಕೇಳುದು ಮೂರೇ ಪ್ರಶ್ನೆ. ಇವತ್ತು ಯಾವ ವಾರ? ನೂರರಿಂದ ಹಿಂದೆ ಎಣಿಸು. ಮನೆಗೆ ಬೆಂಕಿ ಬಿದ್ರೆ ಮೊದ್ಲು ಎಂತಾ ತಗೀತೆ? ಮೂರೂ ಸರಿ ಹೇಳ್ದವ ಪಾಸು."

"ತಪ್ಪಿದ್ರೆ?" ಎಂದು ಮಾಬ್ಲೇಶ್ವರನ ಹೆಂಡತಿ ಮಂಗಲಾ ಕೇಳಿದಳು.

"ಧಾರವಾಡ," ಎಂದ ಜಟ್ಟು. ಧಾರವಾಡದಲ್ಲಿ ಯಾವ ಆಸ್ಪತ್ರೆ ಇದೆಯೆಂದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಅಂದಿನಿಂದ ಕೇಣಿಯಲ್ಲಿ ತರಬೇತಿ ಶುರುವಾಯಿತು. ಮಾಬ್ಲೇಶ್ವರ ಹಲ್ಲುಜ್ಜಲು ಬಂದರೆ ಬೇಲಿಯ ಆಚೆಯಿಂದ ಸುಗಂಧಾ, "ತಾಂಡೇಲ್ರೆ, ಇವತ್ತು ಯಾವ ವಾರ?" ಅನ್ನುತ್ತಿದ್ದಳು. ಸ್ನಾನಕ್ಕೆ ಹೋದರೆ ಬಚ್ಚಲಿನ ಹೊರಗೆ ಜಟ್ಟು, "ಬೆಂಕಿ ಬಿತ್ತು, ಎಂತಾ ತಗೀತೆ?" ಎಂದು ಕೂಗುತ್ತಿದ್ದ. ಒಂದು ಸಲ ಅವನು ನಿಜವಾಗಿ ಬೆಂಕಿ ಬಿದ್ದಿದೆಯೆಂದು ತಿಳಿದು ಒದ್ದೆ ಪಂಚೆಯಲ್ಲೇ ಹೊರಗೆ ಓಡಿ ಬಂದ, ಕೈಯಲ್ಲಿ ಚೊಂಬಿತ್ತು. "ಚೊಂಬು ತಗೀತ" ಎಂದು ಜಟ್ಟು ಚಿಂತೆಯಿಂದ ತಲೆಯಾಡಿಸಿದ.

ಹಿಂದೆ ಎಣಿಸುವುದು ಅವನಿಗೆ ಸುಲಭವಾಯಿತು. ಬಲೆ ಎಳೆಯುವಾಗ ಮಾರು ಎಣಿಸಿದ ಅಭ್ಯಾಸ. ಕಷ್ಟವಾದದ್ದು ವಾರ. ಸಮುದ್ರದವನಿಗೆ ತಿಥಿ ಗೊತ್ತು, ಭರತ ಇಳಿತ ಗೊತ್ತು. ಸೋಮವಾರ ಮಂಗಳವಾರ ಕಟ್ಟಿಕೊಂಡು ಏನು ಮಾಡಬೇಕು? ವಾರ ಕೇಳಿದರೆ ಅವನು, "ಏಕಾದಶಿ. ನೀರು ಸಣ್ಣದು," ಅನ್ನುತ್ತಿದ್ದ. ಮತ್ತೆ ಕೇಳಿದರೆ ಬೆವರುತ್ತಿದ್ದ. ಸೋಮವಾರದ ದಿನ ಏಳನೆಯ ಸಲ ಕೇಳಿದಾಗ "ಗುರುವಾರ" ಅಂದುಬಿಟ್ಟ. ಅಲ್ಲಿಯವರೆಗೆ ಧೈರ್ಯ ಹೇಳುತ್ತಿದ್ದವರೆಲ್ಲ ಆಮೇಲೆ ಅವನನ್ನು ಬೇರೆ ತರಹ ನೋಡತೊಡಗಿದರು. ಸುಗಂಧಾ ತನ್ನ ಮೊಮ್ಮಗುವನ್ನು ಬೇಲಿಯ ಹತ್ತಿರ ಬಿಡುವುದನ್ನು ನಿಲ್ಲಿಸಿದಳು.

ಮೇ ತಿಂಗಳ ಹದಿನೈದರಂದು ಮಾಬ್ಲೇಶ್ವರ, ನಾನು ಇಬ್ಬರೂ ಕಾರವಾರದ ಬಸ್ಸು ಹತ್ತಿದೆವು. ಮಂಗಲಾಗೆ ಪೇಟೆಯಲ್ಲಿ ಮೀನು ಮಾರುವ ದಿನ; ಕಾಗದ ಓದುವುದಕ್ಕೆ ಬೇಕೆಂದು ನನ್ನನ್ನು ಕಳಿಸಿದಳು. ದಾರಿಯುದ್ದಕ್ಕೂ ಮಾಬ್ಲೇಶ್ವರ ಕಣ್ಣು ಮುಚ್ಚಿ, "ಗುರುವಾರ, ಗುರುವಾರ, ಇವತ್ತು ಖರೆ ಗುರುವಾರ," ಎಂದು ಜಪ ಮಾಡಿದ. ಎದುರಿನ ಸೀಟಿನ ಹೆಂಗಸು ಎದ್ದು ಮುಂದೆ ಹೋಗಿ ಕೂತಳು.

ಮನಸ್ಸಿನ ಡಾಕ್ಟರ್ ವಿನುತಾ ಹಾವೇರಿ ಕಡೆಯವರು. ಮೂವತ್ತು ದಾಟಿರಲಿಕ್ಕಿಲ್ಲ. ಕೋಣೆಯಲ್ಲಿ ಸೂಜಿಯಿಲ್ಲ, ಯಂತ್ರವಿಲ್ಲ. ಒಂದು ಮೇಜು, ನಾಲ್ಕು ಕುರ್ಚಿ. ಮಾಬ್ಲೇಶ್ವರ ಕುರ್ಚಿಗೆ ಕೂರುವ ಮೊದಲೇ, "ಗುರುವಾರ," ಎಂದ.

"ಹೌದು," ಎಂದರು ಡಾಕ್ಟರ್. ಅಲ್ಲಿಗೆ ವಾರದ ಪ್ರಶ್ನೆ ಮುಗಿಯಿತು. ಬೆಂಕಿಯ ಪ್ರಶ್ನೆ ಬರಲೇ ಇಲ್ಲ. ಅವರು ಕೇಳಿದ್ದು, "ದಿನಕ್ಕೆ ಏನೇನು ತಿಂತೀರಿ?"

ಇಲ್ಲಿ ಸಮುದ್ರದ ಒಂದು ಪದ್ಧತಿ ಹೇಳಬೇಕು. ಬೋಟಿನಿಂದ ಬೋಟಿಗೆ ವಾಯರ್‌ಲೆಸ್‌ನಲ್ಲಿ "ಮೀನು ಬಿತ್ತಾ?" ಎಂದು ಕೇಳಿದರೆ ಯಾವ ತಾಂಡೇಲನೂ ಹೌದು ಅನ್ನುವುದಿಲ್ಲ. ಮೂವತ್ತು ಬುಟ್ಟಿ ಬಿದ್ದಿದ್ದರೆ ಹತ್ತು ಅನ್ನುತ್ತಾನೆ. ಬಲೆ ಎಳೆಯಲಾರದಷ್ಟು ಭಾರವಾಗಿದ್ದರೆ, "ಎಂತದೂ ಇಲ್ಲ" ಅನ್ನುತ್ತಾನೆ. ದಕ್ಷಿಣದಲ್ಲಿ ಬಿದ್ದದ್ದನ್ನು ಉತ್ತರಕ್ಕೆ ತೋರಿಸುತ್ತಾನೆ. ಇದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಇದ್ದದ್ದನ್ನು ಇದ್ದಷ್ಟೇ ಹೇಳಿದರೆ ನಾಳೆ ಅದೇ ಜಾಗದಲ್ಲಿ ಹತ್ತು ಬೋಟು, ನಾಡಿದ್ದು ಎಲ್ಲರ ಬಲೆಯೂ ಬರಿದು. ಕೇಳುವವರೂ ತಾಂಡೇಲರೇ, ಹೇಳಿದ್ದನ್ನು ಮೂರರಿಂದ ಗುಣಿಸಿ ತಿಳಿದುಕೊಳ್ಳುತ್ತಾರೆ. ಕೇಣಿಯಲ್ಲಿ ಮಗು ಮಗ್ಗಿಯಲ್ಲಿ ಮೊದಲು ಕಲಿಯುವುದು ಮೂರರದ್ದು.

ಹಾವೇರಿಯಲ್ಲಿ ಸಮುದ್ರವಿಲ್ಲ.

"ಬೆಳಿಗ್ಗೆ ಏನು ತಿಂತೀರಿ?"

"ಎಂತದೂ ಇಲ್ಲ."

"ಏನೂ ಇಲ್ಲವಾ?"

"ದೋಸೆ. ಮೂರು. ಅದೂ ಸಣ್ದು."

"ಮಧ್ಯಾಹ್ನ?"

"ಒಂದು ಮುಷ್ಟಿ ಅನ್ನ. ಸಾರು ಬರೀ ವಾಸನೆಗೆ."

"ಮೀನು?"

ಮೀನಿನ ಹೆಸರು ಕೇಳಿದ ಕೂಡಲೇ ಅವನು ಇನ್ನಷ್ಟು ಜಾಗೃತನಾದ. "ಈಗ ಮೀನೆಲ್ಲಿ ಅದೆ ಡಾಕ್ಟ್ರಬಾಯಿ? ಸಮುದ್ರ ಖಾಲಿ."

"ಹೊರಗೆ ಎಲ್ಲಾದರೂ ತಿನ್ನೋ ಅಭ್ಯಾಸ?"

"ತೋಡೂರ ಹೊಟೆಲ್ಲಾ? ಆ ದಿಕ್ಕಿಗೇ ನಾ ತಲೆ ಹಾಕುದಿಲ್ಲ."

ಡಾಕ್ಟರರು ಬಂದರಿಗೆ ಹೋಗುವ ದಾರಿಯ ತೋಡೂರಿನ ಹೆಸರು ಎತ್ತಿರಲಿಲ್ಲ. ಅವರು ಪೆನ್ನು ನಿಲ್ಲಿಸಿ ಅವನನ್ನು ನೋಡಿದರು.

"ಮೂರು ದೋಸೆ, ಒಂದು ಮುಷ್ಟಿ ಅನ್ನ. ತೂಕ ನೂರಾ ನಲವತ್ತಾರು. ಇದು ಹೇಗೆ?"

"ಗಾಳಿ," ಎಂದ ಮಾಬ್ಲೇಶ್ವರ. "ಸಮುದ್ರದ ಗಾಳಿ ಭಾರ ಇರ್ತದೆ. ಮೂವತ್ತು ವರ್ಷ ಕುಡಿದದ್ದು."

ಆಮೇಲೆ ಒಂದು ಅಚ್ಚಿನ ಕಾಗದ ಕೊಟ್ಟರು. ಒಂದೊಂದು ವಾಕ್ಯದ ಎದುರಿಗೂ ಮೂರು ಚೌಕ: ಎಂದೂ ಇಲ್ಲ, ಕೆಲವೊಮ್ಮೆ, ಯಾವಾಗಲೂ. ನಾನು ಓದುವುದು, ಅವನು ಚೌಕದಲ್ಲಿ ಗುರುತು ಹಾಕುವುದು ಎಂದಾಯಿತು.

"ನನಗೆ ಬದುಕು ಬೇಡವೆನಿಸುತ್ತದೆ," ಎಂದು ಓದಿದೆ. ಅವನು "ಎಂದೂ ಇಲ್ಲ"ಕ್ಕೆ ಗುರುತು ಹಾಕಿದ. ಒಳ್ಳೆಯದಾಯಿತು ಅಂದುಕೊಂಡೆ. "ನಾನು ಸಂತೋಷವಾಗಿರುತ್ತೇನೆ." ಎಂದೂ ಇಲ್ಲ. "ಮನೆಯವರು ನನ್ನನ್ನು ಪ್ರೀತಿಸುತ್ತಾರೆ." ಎಂದೂ ಇಲ್ಲ.

"ಏ ಮಾಬ್ಲೇಶ್ವರಾ, ವಿಚಾರ ಮಾಡಿ ಹಾಕೋ," ಎಂದೆ.

"ನೀ ಸುಮ್ನೆ ಓದು ಮಾವ್ಶಿ. ನಂಗೆ ಗೊತ್ತದೆ," ಎಂದು ಇಪ್ಪತ್ತನಾಲ್ಕು ವಾಕ್ಯಕ್ಕೂ ಒಂದೇ ಸಾಲಿನಲ್ಲಿ, ಬಲೆಯ ಗಂಟಿನ ಹಾಗೆ ನೇರವಾಗಿ, ಎಂದೂ ಇಲ್ಲ ಎಂದು ಹಾಕಿಕೊಟ್ಟ.

ಡಾಕ್ಟರ್ ವಿನುತಾ ಅದನ್ನು ಎರಡು ಸಲ ಓದಿದರು. "ಇವತ್ತು ಪತ್ರ ಕೊಡೋಕೆ ಆಗಲ್ಲ," ಎಂದರು. "ಮುಂದಿನ ಗುರುವಾರ ಹೆಂಡತಿಯನ್ನು ಕರೆದುಕೊಂಡು ಬನ್ನಿ."

ಕೇಣಿಯಲ್ಲಿ ಬಸ್ಸಿಳಿದಾಗ ಜಟ್ಟು, ಸುಗಂಧಾ, ನಿತಿನ ಶೇಟ ಎಲ್ಲರೂ ಕಾಯುತ್ತಿದ್ದರು.

"ಎಂತಾ ಆಯ್ತು ತಾಂಡೇಲ್ರೆ? ಪತ್ರ ಸಿಕ್ತಾ?"

"ಎಂತದೂ ಇಲ್ಲ," ಎಂದ ಮಾಬ್ಲೇಶ್ವರ. ಮೂವತ್ತು ವರ್ಷದಲ್ಲಿ ಆ ಮಾತು ಅವನ ಬಾಯಿಂದ ನಿಜವಾಗಿ ಬಂದದ್ದು ಅದೇ ಮೊದಲು. "ಎಂತದೂ ಸಿಕ್ಕಿಲ್ಲ."

ಜಟ್ಟುವಿನ ಮುಖ ಅರಳಿತು. ನಿತಿನ ಶೇಟ ಅವನ ಬೆನ್ನು ತಟ್ಟಿದ.

"ಎಂತದೂ ಇಲ್ವಾ? ಹ್ಹಹ್ಹ! ತಾಂಡೇಲ್ರು ನಮ್ಗೇ ಹೇಳ್ತ್ರು ನೋಡು!"

"ಅರೆ, ಖರೆ ಸಿಕ್ಕಿಲ್ಲ ಮಾರಾಯಾ!"

"ಹೌದೌದು. ಹತ್ರ ಎಂತದೂ ಇಲ್ಲ. ಒಂದು ಹಾಳೆನೂ ಇಲ್ಲ!" ಎಂದು ಜಟ್ಟು ಕಣ್ಣು ಮಿಟುಕಿಸಿದ.

ಅವನು ಎಷ್ಟು ಗಟ್ಟಿಯಾಗಿ ಇಲ್ಲ ಅಂದನೋ ಪತ್ರ ಅಷ್ಟು ಗಟ್ಟಿಯಾಯಿತು. ನಾನು ನಡುವೆ ಬಾಯಿ ಹಾಕಿ, "ಇಲ್ಲ ಮಾರಾಯ್ರಾ, ಮುಂದಿನ ವಾರ ಮತ್ತೆ ಹೋಗುಕೆ ಅದೆ," ಎಂದೆ. "ಅಜ್ಜಿಗೂ ಕಲಿಸಿಟ್ಟಾನೆ," ಎಂದು ಮೆಚ್ಚಿಕೊಂಡರು. ಸಂಜೆಯೊಳಗೆ ನಿತಿನ ಶೇಟ ಬಂದರಿನಲ್ಲಿ ಎಲ್ಲರಿಗೂ ಪೇಡೆ ಹಂಚಿದ. ಆ ಪೇಡೆ ತಿಂದು ಕಿಶನ ಮನೆಗೆ ಹೋದ, ಬಟ್ಟೆ ಕಟ್ಟಿದ, ಮರುದಿನ ಬೆಳಿಗ್ಗೆ ಗೋವೆಗೆ ಹೋಗಿ ಬೇರೆ ಬೋಟಿಗೆ ತಾಂಡೇಲನಾಗಿ ಸೇರಿಕೊಂಡ. ಇಲ್ಲಿ ಚಕ್ರ ಸಿಗುವುದಿಲ್ಲವೆಂದ ಮೇಲೆ ಅವನಾದರೂ ಯಾಕೆ ಕಾಯಬೇಕು?

ಈಗ ಬೋಟಿಗೆ ಬೇರೆ ತಾಂಡೇಲನೂ ಇಲ್ಲ, ಇದ್ದ ತಾಂಡೇಲನಿಗೆ ಪತ್ರವೂ ಇಲ್ಲ. ಉಳಿದ ಏಳು ಖಲಾಸಿಗಳ ಹೆಂಡಂದಿರು ಪತ್ರ ಬಂದಿದೆಯೆಂದು ನಂಬಿ, ಮಂಗಲಾಳನ್ನು ಪೇಟೆಯಲ್ಲಿ ಕಂಡಾಗಲೆಲ್ಲ ನಗುತ್ತಿದ್ದರು. ಆ ನಗು ನೋಡಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಮಾಬ್ಲೇಶ್ವರನಿಗೆ ಸೇರುತ್ತಿತ್ತು; ಚಿಂತೆ ಹೆಚ್ಚಿದಷ್ಟೂ ಸೇರುತ್ತಿತ್ತು.

ಮುಂದಿನ ಗುರುವಾರ ಮೂವರೂ ಹೋದೆವು. ಮಂಗಲಾ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಡಾಕ್ಟರರು ಹಳೆಯ ಕಾಗದ ತೆಗೆದು, "ಇವರು ಬೆಳಿಗ್ಗೆ ಮೂರು ದೋಸೆ ತಿಂತೇನೆ ಅಂದಿದ್ದಾರೆ. ಸರಿಯಾ?" ಎಂದು ಕೇಳಿದರು.

"ಮೂರಾ?" ಮಂಗಲಾ ಗಂಡನ ಕಡೆ ತಿರುಗಿದಳು. "ಮೂರು ದೋಸೆ ಹಾಕಿ ಗಂಡನ್ನ ಸಮುದ್ರಕ್ಕೆ ಕಳ್ಸುವ ಹೆಂಗ್ಸಾ ನಾನು? ಊರವ್ರು ಕೇಳಿದ್ರೆ ಎಂತಾ ತಿಳ್ಕಂತ್ರು? ಬರ್ಕಳಿ ಡಾಕ್ಟ್ರಬಾಯಿ. ಇಪ್ಪತ್ತೇಳು!"

"ಇಪ್ಪತ್ತೇಳಾ?"

"ಇಪ್ಪತ್ತೇಳು. ಒಂದೂ ಕಡ್ಮಿ ಇಲ್ಲ."

ಮಂಗಲಾ ಅಂಕೋಲೆ ಪೇಟೆಯಲ್ಲಿ ಇಪ್ಪತ್ತೈದು ವರ್ಷ ಮೀನು ಮಾರಿದವಳು. ಅಲ್ಲಿ ನೂರಕ್ಕೆ ಕೊಡುವ ಬಂಗಡೆಗೆ ಮುನ್ನೂರು ಹೇಳುವುದು ರೂಢಿ. "ಒಂದೂ ಕಡ್ಮಿ ಇಲ್ಲ" ಅಂದರೆ ಇನ್ನು ನೀವು ಕಡಿಮೆಗೆ ಕೇಳಬಹುದು ಎಂದರ್ಥ. ಡಾಕ್ಟರರು ಕೇಳಲಿಲ್ಲ. ಇಪ್ಪತ್ತೇಳು ಎಂದು ಬರೆದುಕೊಂಡೇ ಬಿಟ್ಟರು. ಹೇಳಿದ ದರಕ್ಕೇ ಕೊಳ್ಳುವ ಗಿರಾಕಿಯನ್ನು ಮಂಗಲಾ ಜೀವಮಾನದಲ್ಲಿ ಕಂಡಿರಲಿಲ್ಲ. ಅವಳು ಗಾಬರಿಯಾಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಲ್ಲಾ, ನೀವು ಸ್ವಲ್ಪ... ಸ್ವಲ್ಪ ಕೇಳ್ಬೇಕಾಗಿತ್ತಲ್ಲಾ," ಎಂದಳು.

ಡಾಕ್ಟರ್ ವಿನುತಾ ಮೂರನ್ನೂ ಇಪ್ಪತ್ತೇಳನ್ನೂ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಅಜ್ಜಿ, ನೀವಾದರೂ ಹೇಳಿ. ಯಾರ ಮಾತು ನಂಬಲಿ?"

"ಇಬ್ರದ್ದೂ ನಂಬ್ಬೇಕು ಬಾಯಿ," ಎಂದೆ. "ಅವ ತಾಂಡೇಲ, ಅವ್ನ ಲೆಕ್ಕನ ಮೂರರಿಂದ ಗುಣಿಸಿ. ಅವ್ಳು ಪೇಟೆಯವ್ಳು, ಅವ್ಳದ್ದನ್ನ ಮೂರರಿಂದ ಭಾಗಿಸಿ."

ಅವರು ಕಾಗದದ ಅಂಚಿನಲ್ಲಿ ಗುಣಿಸಿದರು, ಭಾಗಿಸಿದರು. ಎರಡೂ ಕಡೆ ಒಂಬತ್ತು ಬಂತು. ಅಷ್ಟು ಹೊತ್ತು ಬಿಗಿದುಕೊಂಡಿದ್ದವರು ನಕ್ಕುಬಿಟ್ಟರು. ನಕ್ಕ ಮೇಲೆ ಆ ಅಚ್ಚಿನ ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದರೆ ಇದೇನು? ಮನೆಯವರು ಪ್ರೀತಿಸುತ್ತಾರೆ ಅನ್ನೋದಕ್ಕೆ ಎಂದೂ ಇಲ್ಲ ಅಂತ ಹಾಕಿದ್ದಾರಲ್ಲ?"

ಹೊರಗೆ ಗಂಡನಿಗೆ ನೀವು ಅನ್ನುವ ಮಂಗಲಾಳ ಬಾಯಿಂದ ಅಷ್ಟೂ ಬಹುವಚನ ಒಮ್ಮೆಲೇ ಉದುರಿಹೋಯಿತು. "ಏ ತಾಂಡೇಲಾ! ಎಂದೂ ಇಲ್ವನಾ? ಒಂದ್ ದಿನಾನೂ ಇಲ್ವನಾ?"

"ಹಾಂಗಲ್ವೇ," ಎಂದ ಅವನು ನೆಲ ನೋಡುತ್ತ. "ಇದ್ದದ್ನ ಇದೆ ಅಂತ ಬರ್ದಿಟ್ರೆ ದೃಷ್ಟಿ ಆಗ್ತದೆ. ಬಾಳಾ ಇರುದ್ನ ಹೇಳುಕಾಗ."

ಮಂಗಲಾ ತನ್ನ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

ಡಾಕ್ಟರರು ಈಗ ಮೆತ್ತಗೆ ಮಾತಾಡಿದರು. "ತಾಂಡೇಲರೇ, ಕೇಳಿ. ಆಪರೇಶನ್ ಆದಮೇಲೆ ನಿಮ್ಮ ಹೊಟ್ಟೆ ಬಾಳೆಕಾಯಿಯಷ್ಟು ಮಾತ್ರ ಉಳಿಯುತ್ತೆ. ಆವಾಗ ತಿಂದದ್ದನ್ನು ಮುಚ್ಚಿಟ್ಟರೆ, ಆದ ನೋವನ್ನು ಇಲ್ಲ ಅಂದರೆ, ಜೀವಕ್ಕೇ ಅಪಾಯ. ಕಡಿಮೆ ತಿನ್ನೋರು ನನಗೆ ಬೇಕಾಗಿಲ್ಲ. ಎಷ್ಟು ತಿಂದೆ ಅಂತ ಹೇಳೋರು ಬೇಕು. ಒಂಬತ್ತು ದೋಸೆಗೆ ಇಷ್ಟು ತೂಕ ಬರಲ್ಲ. ಉಳಿದದ್ದು ಎಲ್ಲಿ?"

ಪತ್ರ ಹೋಯಿತು, ಚಕ್ರವೂ ಹೋಯಿತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಮುಗಿಸಿದ್ದೆ. ಆಗ ಅವನು, "ಬೋಟಿನಲ್ಲಿ," ಎಂದ.

"ಬೋಟಿನಲ್ಲಿ?"

"ಚಕ್ರದ ಹತ್ರ ಒಂದು ಡಬ್ಬಿ ಅದೆ. ಚೂಡಾ, ಶೇಂಗಾ, ಬನ್ಸು. ತೋಡೂರ ಹೊಟೆಲ್ಲಲ್ಲಿ ತುಂಬ್ಸ್ಕಂಡು ಹೋಗುದು. ನಿದ್ದೆ ಬತ್ತದೆ ಬಾಯಿ. ಕುತ್ಗೆ ಹಿಡ್ದು ಒತ್ತಿದ ಹಾಂಗೆ ಬತ್ತದೆ. ಬಾಯಿ ಆಡ್ತಾ ಇದ್ರೆ ಕಣ್ಣು ಮುಚ್ಚುದಿಲ್ಲ. ಕೆಳಗೆ ಎಂಟು ಜನ ಮಲಗಿರ್ತ್ರು ನೋಡಿ."

"ಎಷ್ಟು ವರ್ಷದಿಂದ?"

"ಎಂಟು."

ನಾನು ರೂಢಿಯಂತೆ ಗುಣಿಸಿದೆ. ಇಪ್ಪತ್ತನಾಲ್ಕು ಬಂತು. ಆದರೆ ಆ ಬೋಟು ಕಟ್ಟಿಯೇ ಹದಿನೈದು ವರ್ಷ. ಆಗ ತಿಳಿಯಿತು, ಎಂಟು ಅಂದರೆ ಎಂಟೇ.

ನಿದ್ದೆ ತಡೆಯಲು ತಿಂದದ್ದೇ ತೂಕವಾಯಿತು, ತೂಕವೇ ಮತ್ತೆ ನಿದ್ದೆಯಾಯಿತು. ಡಾಕ್ಟರರು ಪೆನ್ನು ಮುಚ್ಚಿಟ್ಟು, "ಇದನ್ನು ಯಾರಿಗಾದರೂ ಹೇಳಿದ್ದಿರಾ?" ಎಂದು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಮಂಗಲಾ ಮದುವೆ ಸೀರೆಯ ಸೆರಗಿನಿಂದ ಮೂಗು ಒರೆಸಿದಳು.

ಪತ್ರ ಆ ದಿನವೂ ಸಿಗಲಿಲ್ಲ. ಹದಿನೈದು ದಿನ, ದಿನಾ ಸಂಜೆ ಆರಕ್ಕೆ ಫೋನ್ ಮಾಡಿ ತಿಂದದ್ದನ್ನು ಇದ್ದಷ್ಟೇ ಹೇಳಬೇಕು ಎಂದಾಯಿತು. ಮೊದಲ ದಿನ ಅವನು ಫೋನಿನಲ್ಲಿ, "ಎಂತದೂ ಇಲ್ಲ," ಎಂದ. ಆ ಕಡೆಯಿಂದ ಡಾಕ್ಟರರು ಏನಂದರೋ, ಕಿವಿ ಕೆಂಪಗೆ ಮಾಡಿಕೊಂಡು, "ಏಳು ದೋಸೆ. ಮೂರು ಬಂಗಡೆ," ಎಂದು ಪಿಸುಗುಟ್ಟಿದ. ನಾಲ್ಕನೆಯ ದಿನಕ್ಕೆ ಪಿಸುಗುಟ್ಟುವುದು ಬಿಟ್ಟ. ವಾರ ಕಳೆಯುವಷ್ಟರಲ್ಲಿ ಅಂಗಳದಲ್ಲಿ ನಿಂತು ಗಟ್ಟಿಯಾಗಿ, "ಆರು ದೋಸೆ!" ಅನ್ನುತ್ತಿದ್ದ.

ಬೇಲಿಯಾಚೆ ಜಟ್ಟು ಕೇಳಿಸಿಕೊಂಡು ಗುಣಿಸಿದ. ಮರುದಿನ ನಿತಿನ ಶೇಟ ಬೆವರು ಒರೆಸುತ್ತ ನನ್ನ ಬಾಗಿಲಿಗೆ ಬಂದ.

"ಅಜ್ಜೀ, ಎಂತಾ ಇದು? ಪತ್ರ ಕಿಸೆಯಲ್ಲಿ ಇಟ್ಕಂಡು ಹದಿನೆಂಟು ದೋಸೆ ತಿಂತ್ರಂತೆ? ಕಿಶನನೂ ಹೋದ. ಆಪರೇಶನ್ ಒಳಗೆ ಇವ್ರೂ ಒಡ್ದು ಹೋದ್ರೆ ನನ್ನ ಬೋಟಿನ ಗತಿ ಎಂತಾ?"

"ಆರು ಅಂದ್ರೆ ಆರೇ, ಶೇಟ್ರೆ. ಪತ್ರ ಇನ್ನೂ ಬರ್ಲೇ ಇಲ್ಲ," ಎಂದೆ. ಅವನು ಹದಿನೆಂಟಕ್ಕೆ ಹೆದರಿದ್ದು ಸಾಲದೆ ಈಗ ಪತ್ರವಿಲ್ಲದ್ದಕ್ಕೂ ಹೆದರಿ ಮೆಟ್ಟಿಲ ಮೇಲೆಯೇ ಕೂತ. ಅವನಿಗೆ ನೀರು ಕೊಟ್ಟು ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಡಬ್ಬಿಯ ವಿಷಯ ಬಂದಾಗ ಅವನು ನೀರಿನ ಲೋಟ ಕೆಳಗಿಟ್ಟ. "ನಮ್ಗೆ ಒಂದು ಮಾತು ಹೇಳ್ಬಾರ್ದಾಗಿತ್ತಾ?" ಎಂದ. ಎದ್ದು ಹೋಗುವಾಗ ಮಾಬ್ಲೇಶ್ವರನ ಅಂಗಳದ ಕಡೆ ನೋಡಿದನೇ ಹೊರತು ಅತ್ತ ಹೋಗಲಿಲ್ಲ.

ಜೂನ್ ಎಂಟಕ್ಕೆ ಪತ್ರ ಬಂತು. ನಾನು ಓದಿ ಹೇಳಿದೆ. ಬಹಳಷ್ಟು ಅರ್ಥವಾಗದ ಮಾತಿನ ನಡುವೆ ಒಂದು ಸಾಲು ಅರ್ಥವಾಯಿತು: ಈ ರೋಗಿ ಹೇಳಿದ್ದನ್ನು ಹೇಳಿದ ಹಾಗೆಯೇ ತೆಗೆದುಕೊಳ್ಳಬಹುದು. ಮಾಬ್ಲೇಶ್ವರ ಅದನ್ನು ಎರಡನೆಯ ಸಲ ಓದಿಸಿದ. ಆಮೇಲೆ ಮಡಿಚಿ ದೇವರ ಫೋಟೋದ ಹಿಂದೆ ಇಟ್ಟ. ಜಟ್ಟು ಕೇಳಿದಾಗ, "ಬಂದದೆ," ಎಂದ. ಜಟ್ಟು ಪೂರ್ತಿ ಗೊಂದಲಕ್ಕೆ ಬಿದ್ದು ಮನೆಗೆ ಹೋದ.

ಹನ್ನೆರಡರ ಬೆಳಿಗ್ಗೆ ಕಾರವಾರದ ಆಸ್ಪತ್ರೆಯಲ್ಲಿ ಮಂಗಲಾ, ನಾನು, ನಿತಿನ ಶೇಟ ಮೂವರೂ ಇದ್ದೆವು. ಶೇಟ ಹಿಂದಿನ ದಿನವೇ ಬಂದಿದ್ದ. ಬರಿಗೈಯಲ್ಲಿ ಬರಬಾರದೆಂದು ಒಂದು ಡಜನ್ ಬಾಳೆಹಣ್ಣು ತಂದಿದ್ದ. ಹೊಟ್ಟೆಯ ಆಪರೇಶನ್ನಿಗೆ ಹೋಗುವವನಿಗೆ ಬಾಳೆಹಣ್ಣು ಯಾಕೆ ಎಂದು ಯಾರೂ ಕೇಳಲಿಲ್ಲ.

ಮನಿಷಾ ಎಂಬ ಹೊಸ ನರ್ಸ್ ಬಂದು, "ರಾತ್ರಿ ಹನ್ನೆರಡರ ಮೇಲೆ ಏನಾದ್ರೂ ತಿಂದಿದ್ದೀರಾ?" ಎಂದು ಕೇಳಿದಳು.

"ಎಂತದೂ ಇಲ್ಲ," ಎಂದ ಮಾಬ್ಲೇಶ್ವರ.

ಅವಳು ಬರೆದುಕೊಂಡಳು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ಮಾತಿಗೆ ಸಮುದ್ರದಲ್ಲಿ ಒಂದು ಅರ್ಥ, ಫೋನಿನಲ್ಲಿ ಒಂದು ಅರ್ಥ. ಇಲ್ಲಿ ಯಾವುದು? ಮಂಗಲಾ ದಿಂಬಿನ ಕೆಳಗೆ ಕೈಯಾಡಿಸಿದಳು. ಅವನನ್ನು ಮಲಗಿಸಿದ ಗಾಡಿ ಹೊರಟಿತು. ಚಕ್ರದ ಸದ್ದಿನ ಹಿಂದೆ ನಾವೂ ನಡೆದೆವು. ಆಪರೇಶನ್ ಕೋಣೆಯ ಬಾಗಿಲು ಬಂದಾಗ ಮಾಬ್ಲೇಶ್ವರ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದ. ಗಾಡಿ ನಿಂತಿತು.

"ಸಿಸ್ಟರ್, ಬಾಳೆಹಣ್ಣು. ಎರಡು."

"ಎರಡು ಅಂದ್ರೆ ಆರು!" ಎಂದು ಮಂಗಲಾ ಚೀರಿದಳು.

"ಆರಾ!" ಎಂದು ನಿತಿನ ಶೇಟ ಗೋಡೆ ಹಿಡಿದ.

"ಎರಡೇ! ಖರೆ ಎರಡೇ. ಬೆಳಿಗ್ಗೆ ಐದಕ್ಕೆ. ಹೆದ್ರಿಕೆ ಆಯ್ತು, ತಿಂದೆ."

ನಾನು ಓಡಿಹೋಗಿ ಎಣಿಸಿದೆ. ಹತ್ತು ಉಳಿದಿದ್ದವು.

ಸರ್ಜನ್ ಹೊರಗೆ ಬಂದು ಬೈದರು. ತಿಂದ ಹೊಟ್ಟೆಗೆ ಮಂಪರಿನ ಮದ್ದು ಕೊಟ್ಟರೆ ಅದು ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದು ಮನುಷ್ಯ ಅಲ್ಲೇ ಹೋಗಬಹುದು ಎಂದರು. "ಹೇಳದೇ ಇದ್ದಿದ್ದರೆ?" ಎಂದು ಎರಡು ಸಲ ಕೇಳಿದರು. ಅವರ ಪುಣ್ಯವೋ ನಮ್ಮ ಪುಣ್ಯವೋ, ಇನ್ನೊಂದು ದಿನ ಅವರು ಊರಲ್ಲಿ ಇರುವವರಿದ್ದರು. ಆಪರೇಶನ್ ಮರುದಿನಕ್ಕೆ ಹೋಯಿತು. ಹತ್ತು ಬಾಳೆಹಣ್ಣನ್ನೂ ನಿತಿನ ಶೇಟನೇ ವಾರ್ಡಿನಿಂದ ಹೊರಗೆ ಒಯ್ದು ಒಂದು ಹಸುವಿಗೆ ಹಾಕಿಬಂದ.

ಮರುದಿನ ಬೆಳಿಗ್ಗೆ ಮನಿಷಾ ಅದೇ ಪ್ರಶ್ನೆ ಕೇಳಿದಳು. ಅವನು, "ಎಂತದೂ ಇಲ್ಲ," ಎಂದ. ಅವಳು ಬರೆಯಲಿಲ್ಲ, ಪೆನ್ನು ಹಿಡಿದು ಮಂಗಲಾಳ ಕಡೆ ನೋಡಿದಳು. ಮಂಗಲಾ ಗಂಡನ ಮುಖವನ್ನು ಮೀನಿನ ಕಿವಿರು ನೋಡಿದ ಹಾಗೆ ಬಗ್ಗಿ ನೋಡಿದಳು.

"ಹೇಳ್ದಷ್ಟೇ ಬರ್ಕಳಿ," ಎಂದಳು.

ಬಾಗಿಲು ಮುಚ್ಚಿತು. ಮೂರು ಗಂಟೆ ಕೂತೆವು. ಮಂಗಲಾ ಬೆರಳು ಮಡಚಿ ಏನೋ ಎಣಿಸುತ್ತಿದ್ದಳು. ಏನೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ನಿತಿನ ಶೇಟ ಓಡಾಡಿ ಓಡಾಡಿ ಕೊನೆಗೆ ನಮ್ಮೆದುರು ನಿಂತ.

"ದೀಪಾವಳಿ ತಂಕ ಬೇರೆ ಯಾರಿಗೂ ಕೊಡುದಿಲ್ಲ ಅತ್ತಿಗೆ. ಅಲ್ಲಿ ತಂಕ ಚಕ್ರ ನಾನೇ ಹಿಡಿತೆ."

ಶೇಟ ಹುಟ್ಟಿದಾಗಿನಿಂದ ಬೋಟಿನ ಒಡೆಯ; ದಡ ಕಾಣದಷ್ಟು ದೂರ ಒಮ್ಮೆ ಹೋಗಿ ವಾಂತಿ ಮಾಡಿಕೊಂಡು ಬಂದವನು. ಉಳಿದ ಏಳು ಖಲಾಸಿಗಳ ಚಿಂತೆಯೂ ನಮ್ಮ ಚಿಂತೆಯ ಮೇಲೆ ಬಂದು ಕೂತಿತು.

ಮಧ್ಯಾಹ್ನ ಅವನನ್ನು ಹೊರಗೆ ತಂದರು. ಮುಖ ಬಿಳಚಿತ್ತು, ಮೂಗಿಗೆ ನಳಿಕೆ. ಬಹಳ ಹೊತ್ತಿಗೆ ಕಣ್ಣು ತೆರೆದ. ಮನಿಷಾ ಅವನ ಕಿವಿಯ ಹತ್ತಿರ ಬಗ್ಗಿ, "ನೋವು ಇದೆಯಾ?" ಎಂದು ಕೇಳಿದಳು.

ನಾವು ಮೂವರೂ ಹಾಸಿಗೆಯ ಕಡೆ ಬಗ್ಗಿದೆವು. ಎಂತದೂ ಇಲ್ಲ ಅಂದರೆ ಏನು ಮಾಡುವುದು? ಯಾರು ಗುಣಿಸುವುದು, ಎಷ್ಟರಿಂದ?

ಅವನು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಒಣಗಿದ ತುಟಿ ನೆಕ್ಕಿಕೊಂಡ.

"ಬಾಳಾ," ಎಂದ. "ಬಾಳಾ ಅದೆ."

"ಬಾಳಾ ಅಂದ್ರು!" ಎಂದು ಮಂಗಲಾ ಎರಡೂ ಕೈ ಎತ್ತಿ ಮುಗಿದಳು, ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನಿತಿನ ಶೇಟ ಆಗಲೇ ಫೋನ್ ತೆಗೆದು ಕೇಣಿಗೆ ಕೂಗುತ್ತಿದ್ದ: "ಜಟ್ಟೂ, ತಾಂಡೇಲ್ರು ಬಾಳಾ ನೋವದೆ ಅಂದ್ರೋ! ಹೌದೋ, ಅವ್ರ ಬಾಯಿಂದ್ಲೇ! ಎಲ್ರಿಗೂ ಹೇಳು!" ಆ ಕಡೆಯಿಂದ ಕೇಣಿಯ ಜನರ ಸಂತೋಷದ ಗದ್ದಲ ನನ್ನ ಕಿವಿಗೂ ಬಿತ್ತು.

ಮನಿಷಾ ಅವರನ್ನು ನೋಡಿದಳು. ಹಾಸಿಗೆಯ ಮೇಲೆ ನರಳುತ್ತಿದ್ದವನನ್ನು ನೋಡಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿದಳು:

"ಅಜ್ಜಿ, ಆ ಮನಸ್ಸಿನ ಡಾಕ್ಟರ್ ಪರೀಕ್ಷೆ ಇವರೊಬ್ಬರಿಗೇನಾ ಮಾಡಿದ್ದು? ನಿಮಗೆಲ್ಲ ಮಾಡಲಿಲ್ವಾ?"

"ಅದಕ್ಕೂ ಹೋಗ್ವ ಬಾಯಿ, ಎಲ್ರೂ ಹೋಗ್ವ," ಎಂದೆ. "ನೀನು ಮೊದ್ಲು ಇಂಜೆಕ್ಶನ್ ಕೊಡು. ಬಾಳಾ ಅಂದಾನೆ."